ನೂರಕ್ಕೆ ನೂರು ಅಸಲಿ

ಮೆಹಬೂಬಸಾಬ ಉಗುರಿನಿಂದ ಕೆರೆದದ್ದೇ ತಡ, ಕಂಪನಿಯ ಲೇಬಲ್ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಹೆಸರಿಲ್ಲ, ನಂಬರಿಲ್ಲ. ಬರೀ ಬಿಳಿ ಪ್ಲಾಸ್ಟಿಕ್.

"ಇದು ನಮ್ಮ ಕಂಪನೀದಲ್ರಿ. ನಕಲಿ ಐತಿ."

ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಹೆಂಗಸರ ಸಂಘ ನಡೆಸುವ ಫಿಲ್ಟರ್ ನೀರಿನ ಘಟಕ ಅದು. ಬೋರಿನ ಸವಳು ನೀರನ್ನು ಸಿಹಿ ಮಾಡುವುದು ಮೆಂಬ್ರೇನ್ ಎಂಬ ಉದ್ದನೆಯ ಕೊಳವೆ. ಹೊಸದನ್ನು ಹಾಕಿ ತಿಂಗಳೂ ಆಗಿರಲಿಲ್ಲ, ಊರಿನ ಮನೆಮನೆಯಲ್ಲಿ ಬೇಳೆ ಬೇಯುವುದು ನಿಂತಿತ್ತು. ಹಾಗಾಗಿ ಹುಬ್ಬಳ್ಳಿಯಿಂದ ಕಂಪನಿಯ ಮೆಕ್ಯಾನಿಕ್ ಮೆಹಬೂಬಸಾಬನನ್ನು ಕರೆಸಿದ್ದರು.

ಈಗ ಎಲ್ಲರ ಕಣ್ಣೂ ಗಾಳೇಶನ ಮೇಲೆ. ಘಟಕ ನೋಡಿಕೊಳ್ಳುವವನು ಅವನೇ.

"ಬಾಕ್ಸ್ ಬಂದಾಗ ಕಂಪನಿ ಸೀಲ್ ಕಣ್ಣಾರೆ ನೋಡೀನಿ," ಎಂದಳು ಸಂಘದ ಅಧ್ಯಕ್ಷೆ ಅಮರಮ್ಮ. "ಕೀಲಿಕೈ ಯಾರ ಕಡೆ ಇತ್ತು, ಗಾಳೇಶ?"

"ನನ್ನ ಕಡೇನ, ಅಕ್ಕಾರ."

"ಮತ್ತ ಯಾರ ಕಡೆ?"

"ಯಾರ ಕಡೇನೂ ಇಲ್ರಿ."

ಖರೇ ಹೇಳಿದ್ದೇ ಅವನಿಗೆ ಮುಳುವಾಯಿತು. ಗಂಗಾವತಿಯಲ್ಲಿ ಅಂಗಡಿ ಇಟ್ಟುಕೊಂಡು ಘಟಕದ ರಿಪೇರಿ ನೋಡುತ್ತಿದ್ದ ಗೋವಿಂದರಾಜ ನಿಟ್ಟುಸಿರು ಬಿಟ್ಟ.

"ಅಸಲಿ ಮೆಂಬ್ರೇನ್ ಮಾರಿಕೊಂಡು ನಕಲಿ ಕೂಡಿಸೋದು ಕೆಲವು ಕಡೆ ನಡದೈತ್ರಿ. ನಮ್ಮ ಗಾಳೇಶ ಅಂತ ನಾ ಹೇಳಂಗಿಲ್ಲ ಬಿಡ್ರಿ."

ಹೇಳಂಗಿಲ್ಲ ಎನ್ನುತ್ತಲೇ ಮಹಾರಾಯ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದ. ಸಂಜೆ ಸಂಘದ ಸಭೆ, ಅಲ್ಲಿ ಕೀಲಿಕೈ ಒಪ್ಪಿಸಬೇಕು ಎಂದು ತೀರ್ಮಾನವಾಯಿತು. ಕೆಲಸ ಹೋದರೆ ಕೂಲಿಗಾದರೂ ಹೋದಾನು ಗಾಳೇಶ. ಊರಿನ ನೀರು ಕೆಡಿಸಿದ ಕಳ್ಳ ಎಂಬ ಹೆಸರು ಹೊತ್ತು ಎಲ್ಲಿಗೆ ಹೋಗುವುದು?

ಅಮರಮ್ಮನ ತಂಗಿ ಲಲಿತಾ ಅವತ್ತು ಅಕ್ಕನ ಮನೆಗೆ ಬಂದಿದ್ದಳು. ಕೊಪ್ಪಳದಲ್ಲಿ ವಿಮಾ ಸರ್ವೇಯರ್. ಗುದ್ದಿಸಿಕೊಂಡು ಬಂದ ಗಾಡಿಗಳ ನಷ್ಟ ಅಳೆಯುವ ಕೆಲಸ. ನಕಲಿ ಸಾಮಾನು ಹಾಕಿ ಅಸಲಿಯ ಬಿಲ್ಲು ತರುವ ಜಾಣರನ್ನು ನೋಡಿ ನೋಡಿ ಅವಳ ಕಣ್ಣು ಪಳಗಿತ್ತು.

"ಅಕ್ಕಾ, ಗಾಳೇಶ ಅಸಲಿ ಕದ್ದ ಅಂತಿ. ಅಸಲಿ ಬಂದಿತ್ತು ಅಂತ ಹೇಳಿದವರು ಯಾರು?"

"ಯಾರ್ಯಾಕ ಹೇಳಬೇಕು? ಫೋನಿನಾಗ ಬರದೈತಲ್ಲ — ನೂರಕ್ಕೆ ನೂರು ಅಸಲಿ, ಕಂಪನಿ ಸೀಲ್. ಫೋಟೋ ನೋಡೇ ತರಿಸೀನಿ. ದಿಲ್ಲಿ ಅಂಗಡಿ."

"ಫೋಟೋದಾಗ ಅಸಲಿ ಇರಬಹುದು. ಬಾಕ್ಸಿನಾಗೂ ಅದ ಇತ್ತೇನು?"

ಅಮರಮ್ಮ ಫೋನು ತೆಗೆದು ಆರ್ಡರ್ ಹುಡುಕತೊಡಗಿದಳು.

"ದಿಲ್ಲಿ ಅಂಗಡಿ ನಿನಗ ಹೆಂಗ ಸಿಕ್ತು?"

"ಗೋವಿಂದರಾಜಣ್ಣ ಲಿಂಕ್ ಕಳಿಸಿದ್ದ. ಆನ್‌ಲೈನಿನಾಗ ಸೋವಿ ಬೀಳ್ತೈತಿ ಅಂದ."

ಲಲಿತಾ ಅಕ್ಕನ ಫೋನು ಇಸಿದುಕೊಂಡು ಘಟಕದೊಳಗೆ ಹೋದಳು. ಗಾಳೇಶನ ಹೆಂಡತಿ ಹುಲಗಮ್ಮ ಚಹಾ ತಂದಿದ್ದಳು. ಮೇವು ಕತ್ತರಿಸುವ ಯಂತ್ರ ಅವಳ ಬಲಗೈಯ ನಡುಬೆರಳಿನ ಒಂದು ಗೆಣ್ಣು ತಿಂದುಹಾಕಿ ವರ್ಷಗಳಾಗಿದ್ದವು. ಆ ಕೈಯಿಂದಲೇ ಲಲಿತಾಳಿಗೆ ಚಹಾ ಕೊಟ್ಟಳು. ಗಾಳೇಶನಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಮೂಲೆಯಲ್ಲಿ ಹೊಸ ಮೆಂಬ್ರೇನಿನ ಖಾಲಿ ಬಾಕ್ಸ್ ನಿಂತಿತ್ತು. ಅದರ ಮೇಲೆ ಅರಿಷಿಣದ ಕೈಯಚ್ಚು.

"ಇದನ್ನ ಒತ್ತಿದವರು ಯಾರಪಾ?"

"ನಮ್ಮಾಕಿರಿ," ಎಂದ ಗಾಳೇಶ, ನಾಚಿಕೊಂಡು. "ಹೊಸಾ ಸಾಮಾನು ಬಂತಂದ್ರ ಕೈ ಒತ್ತಿ, ಊದಿನಕಡ್ಡಿ ಹಚ್ಚಿದ ಮ್ಯಾಲೇ ಒಡಿಯೂದು. ರಟ್ಟಿನ ಡಬ್ಬಿಗೆ ಎಂಥಾ ಪೂಜಿ ಅಂತ ಎಷ್ಟು ಬೈದ್ರೂ ಕೇಳೂದಿಲ್ರಿ."

"ಹಿಂದಿನ ಸಲಾನೂ ಒತ್ತಿದ್ಲೇನು?"

"ಹೌದ್ರಿ. ಅದು ಸೀದಾ ಕಂಪನಿಯಿಂದ ಬಂದಿತ್ತು. ಭಾಳ ಛಲೋ ನಡೀತು."

"ಆ ಬಾಕ್ಸ್ ಎಲ್ಲೈತಿ?"

"ಗೋವಿಂದರಾಜಣ್ಣಾರು ಒಯ್ದಾರ್ರಿ. ವಾರಂಟಿಗೆ ಬೇಕಂತ."

ಲಲಿತಾ ಫೋನಿನ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಆಮೇಲೆ ಚಹಾ ಪೂರ್ತಿ ಕುಡಿದು, ಹುಲಗಮ್ಮನಿಗೆ ಹೇಳಿದಳು: "ಸಂಜೀಕ ನೀನೂ ಬಾರವ್ವ."

ಸಂಜೆ ಸಂಘದ ಅಂಗಳದಲ್ಲಿ ಗಾಳೇಶ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದ. ಅದು ಬೆವರಿನಿಂದ ಒದ್ದೆಯಾಗಿತ್ತು.

"ಗೋವಿಂದರಾಜಣ್ಣಾ," ಲಲಿತಾ ಮೆತ್ತಗೆ ಶುರುಮಾಡಿದಳು, "ಹಿಂದಿನ ಮೆಂಬ್ರೇನಿನ ಬಾಕ್ಸ್ ಏನು ಮಾಡಿದ್ರಿ?"

"ಆಗಿಂದಾಗಲೇ ಕಂಪನಿಗೆ ಕಳಿಸೀನ್ರಿ. ವಾರಂಟಿ ಕೆಲಸ."

"ಮೆಹಬೂಬಸಾಬರ, ಕಂಪನಿ ಖಾಲಿ ಬಾಕ್ಸ್ ತರಿಸಿಕೊಂತೈತೇನ್ರಿ?"

"ಖಾಲಿ ರಟ್ಟು ತಗೊಂಡು ಏನ್ ಮಾಡೋಣರಿ? ಯಾವತ್ತೂ ಇಲ್ಲ."

"ಏನೋ ನೆನಪಿಲ್ರಿ. ರದ್ದಿಗೆ ಹಾಕಿರಬೇಕು." ಗೋವಿಂದರಾಜ ವಾಚು ನೋಡಿಕೊಂಡ.

"ಹಾಕಿಲ್ಲ. ಇಲ್ಲೇ ಐತಿ ನೋಡ್ರಿ." ಲಲಿತಾ ಫೋನನ್ನು ಅಮರಮ್ಮನ ಕೈಗೆ ಕೊಟ್ಟಳು. "ಅಕ್ಕಾ, ನೀ ನೋಡಿ ತರಿಸಿದ ಫೋಟೋ. ಬಾಕ್ಸಿನ ಅಂಚಿಗೆ ಹಳದಿ ಕಾಣ್ತೈತಲ್ಲ, ಏನದು?"

ಅಮರಮ್ಮ ಕನ್ನಡಕ ಏರಿಸಿದಳು. "ಅರಿಷಿಣ. ಕೈಯಚ್ಚು."

"ದಿಲ್ಲಿ ಅಂಗಡಿಯಾಗ?"

ಹೆಂಗಸರು ಫೋನಿನ ಸುತ್ತ ಬಗ್ಗಿದರು.

"ಬೆರಳು ನೋಡು."

"ನಡುಬೆರಳು... ಗಿಡ್ಡ ಐತಿ," ಎಂದ ಅಮರಮ್ಮನ ದನಿ ಇಳಿಯಿತು. ಅವಳ ಕಣ್ಣು ತಾನಾಗಿಯೇ ಹುಲಗಮ್ಮನ ಕೈಯತ್ತ ಹೋಯಿತು. ಹುಲಗಮ್ಮ ತನ್ನ ಅಂಗೈಯನ್ನು ಮೊದಲ ಸಲ ಕಂಡವಳಂತೆ ತಿರುಗಿಸಿ ನೋಡಿಕೊಂಡಳು.

"ಹೊಸಾ ಬಾಕ್ಸಿನ ಮ್ಯಾಲೂ ಹುಲಗಮ್ಮನ ಕೈ ಐತಿ, ಖರೆ," ಎಂದಳು ಲಲಿತಾ. "ಆದ್ರ ಈ ಫೋಟೋ ಹೊಸಾದು ಬರೂಕಿಂತ ಮೊದಲಿಂದು. ಇದನ್ನ ನೋಡೇ ಅಕ್ಕ ಆರ್ಡರ್ ಮಾಡ್ಯಾಳ. ಅಂದ್ರ ಇದು ಹಳೇ ಬಾಕ್ಸ್, ಕಂಪನಿಯಿಂದ ಬಂದಿದ್ದು. ಅದನ್ನ ಒಯ್ದಾಂವ ಒಬ್ಬನ. ಅಸಲಿ ಬಾಕ್ಸಿನ ಫೋಟೋ ಹಾಕಿ, ದಿಲ್ಲಿ ಹೆಸರು ಇಟ್ಟು, ನಕಲಿ ಸೀಲ್ ಒತ್ತಿದ ನಕಲಿ ಮಾಲು ಕಳಿಸಿ, ಲಿಂಕ್ ತಾನ ಕೊಟ್ಟಾನ. ಅಸಲಿ ಈ ಊರಿಗೆ ಬಂದೇ ಇಲ್ಲ. ಬರದ ಸಾಮಾನು ಗಾಳೇಶ ಎಲ್ಲಿಂದ ಕದಿಬೇಕು?"

"ಅರಿಷಿಣ ಎಲ್ಲಾ ಕಡೆ ಹಚ್ಚತಾರ್ರಿ..." ಗೋವಿಂದರಾಜ ತೊದಲಿದ.

"ಅದಕ್ಕ ನೀವು ಸಿಕ್ಕಿಬಿದ್ದಿದ್ದು. ದಿಲ್ಲಿಯವರು ಆಗಿದ್ರ, ಇದೇನು ಕಲೆ ಅಂತ ಒರಿಸಿ ಫೋಟೋ ತಗೀತಿದ್ರು. ನಮ್ಮ ಮಂದಿಗೆ ಹೊಸಾ ಸಾಮಾನಿನ ಮ್ಯಾಲಿನ ಅರಿಷಿಣ ಕಣ್ಣಿಗೇ ಬೀಳೂದಿಲ್ಲ. ನಿಮಗೂ ಬೀಳಲಿಲ್ಲ. ಊರಿಗೂ ಬೀಳಲಿಲ್ಲ."

ಗೋವಿಂದರಾಜ ಎದ್ದು ಹೊರಟ. ಬಾಗಿಲಿಗೆ ಹೆಂಗಸರು ಅಡ್ಡ ನಿಂತರು. ಪೊಲೀಸರಿಗೆ ಫೋನು ಹೋಗುತ್ತಿದ್ದಂತೆ ಅವನು ಬಾಯಿ ಬಿಟ್ಟ. ಆ ಒಂದು ಫೋಟೋ ತೋರಿಸಿ ಕನಕಗಿರಿ, ತಾವರಗೇರಾ ಕಡೆಗೂ ಮಾಲು ದಾಟಿಸಿದ್ದನಂತೆ.

ಗಾಳೇಶ ಎದ್ದು ಬಂದು ಅಮರಮ್ಮನತ್ತ ಕೀಲಿಕೈ ಚಾಚಿದ. ಅಮರಮ್ಮ ಅವನ ಬೆರಳುಗಳನ್ನು ತಾನೇ ಮಡಚಿದಳು.

"ಫೋನಿನ ಮಾತು ನಂಬಿದೆ, ನಿನ್ನ ಮಾತು ನಂಬಲಿಲ್ಲ. ಮನಸಿನಾಗ ಇಟ್ಟುಕೋಬ್ಯಾಡಪಾ."

ಗಾಳೇಶ ಕೀಲಿಕೈಯನ್ನು ಕಿಸೆಗೆ ಹಾಕಿದ. ಲಲಿತಾಳ ಕಾಲಿಗೆ ಬೀಳಲು ಬಗ್ಗಿದ. ಅವಳು ಸರಿದು ನಿಂತಳು.

"ನನ್ನ ಕಾಲಿಗ್ಯಾಕ ಬೀಳ್ತಿ? ನಾ ಬರೀ ನೋಡೀನಿ. ನಿನ್ನ ಉಳಿಸಿದ ಕೈ ನಿನ್ನ ಮನ್ಯಾಗ ಐತಿ."

ಹುಬ್ಬಳ್ಳಿಯಿಂದ ಮೆಹಬೂಬಸಾಬ ಕಂಪನಿಯ ಮೆಂಬ್ರೇನ್ ತಂದ ದಿನ ಕೊಡ ಹಿಡಿದು ಅರ್ಧ ಊರೇ ಬಂದಿತ್ತು. ಅವತ್ತು ಬೆಳಿಗ್ಗೆಯಿಂದ ಗಾಳೇಶನಿಗೆ ಕಂಡವರಿಗೆಲ್ಲ ಕೈ ಮುಗಿಯಬೇಕು ಎನ್ನಿಸುತ್ತಿತ್ತು. ಮೆಹಬೂಬಸಾಬ ಬಾಕ್ಸ್ ಒಡೆಯಲು ಬ್ಲೇಡು ತೆಗೆದ.

"ಒಂದ್ ನಿಮಿಷ ತಡೀರಿ ಸಾಬರ."

ಗಾಳೇಶ ಒಳಗಿನಿಂದ ಬಟ್ಟಲು ತಂದ. ಅರಿಷಿಣವನ್ನು ಅವನೇ ಕಲಸಿದ್ದ, ಸ್ವಲ್ಪ ನೀರು ಜಾಸ್ತಿಯಾಗಿತ್ತು. ಹುಲಗಮ್ಮ ಬಟ್ಟಲನ್ನೂ ಗಂಡನನ್ನೂ ನೋಡಿದಳು.

"ರಟ್ಟಿನ ಡಬ್ಬಿಗೆ ಎಂಥಾ ಪೂಜಿ?"

ಹೆಂಗಸರು ನಕ್ಕರು. ಗಾಳೇಶ ನಗಲಿಲ್ಲ. ಬಾಕ್ಸನ್ನು ಎರಡೂ ಕೈಯಿಂದ ಎತ್ತಿ ಅವಳ ಮುಂದೆ ಹಿಡಿದ.

"ನಾ ಹಿಡಕೊಂತೀನಿ," ಎಂದ. "ನೀ ಒತ್ತು."