ಡೊಂಕನ ಒಂಟಿ ಸೀನು

ಬಹಳ ಹಿಂದೆ, ಬಾಗಿಲುಗಳಿಗೂ ಕರಡಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಅರಳಿಕಾಪುರವೆಂಬ ಒಂದು ರಾಜ್ಯವಿತ್ತು. ಜನ ಅದನ್ನು ಆಕಳಿಕಾಪುರ ಅನ್ನುತ್ತಿದ್ದರು. ಯಾಕೆ ಅಂತೀರಾ? ಅಲ್ಲಿ ಆಕಳಿಸದವರೇ ಇರಲಿಲ್ಲ. ರಾಜ ಆಕಳಿಸುತ್ತಿದ್ದ, ಸಿಂಹಾಸನದ ಮರದ ಸಿಂಹಗಳೂ ಆಕಳಿಸುತ್ತಿದ್ದವು. ಅದರಲ್ಲೊಂದು ಬಾಯಿ ಮುಚ್ಚುವುದನ್ನೇ ಮರೆತು, ಒಳಗೆ ಗುಬ್ಬಿ ಗೂಡು ಕಟ್ಟಿತ್ತು. ಆ ಗುಬ್ಬಿಯದ್ದೇ ಒಂದು ಕತೆಯಾದೀತು, ಇರಲಿ.

ಊರಿಗೆ ಈ ದಣಿವು ಬಂದದ್ದು ಒಂದು ನಾಯಿಯ ನೆಗಡಿಯಿಂದ.

ಹೆಬ್ಬಾಗಿಲಲ್ಲಿ ಡೊಂಕ ಎಂಬ ನಾಯಿ ಇತ್ತು. ಬಾಲ ಡೊಂಕು, ಬುದ್ಧಿ ನೆಟ್ಟಗೆ. ಬರುವವರಲ್ಲಿ ಮಾಯಾವಿಗಳಿದ್ದರೆ ಮೂಸಿ ಹಿಡಿಯುವುದು ಅದರ ಕೆಲಸ. ಅದರ ಜೊತೆಗಿದ್ದವನು ಕಾವಲಿನ ಬೈಚಪ್ಪ. ಹಿಂದುಮುಂದಿಲ್ಲದ ತರುಣ, ಡೊಂಕನೇ ಅವನ ಮನೆಮಂದಿ. ಯಾವುದೋ ಊರಿನ ಕೆಮ್ಮುವ ನಾಯಿಯ ಜೊತೆ ಒಂದೇ ಬಾನಿಯಲ್ಲಿ ನೀರು ಕುಡಿದು ಡೊಂಕನಿಗೆ ನೆಗಡಿ ಹತ್ತಿತು. ಮೂಗು ಸೋರಿತು, ಕಣ್ಣು ಮಂಜಾಯಿತು, ವಾಸನೆ ಸತ್ತುಹೋಯಿತು. ಅದೇ ಹೊತ್ತಿಗೆ ಸಾಂಬ್ರಾಣಿ ಮಾರುವವನ ವೇಷದಲ್ಲಿ ಧೂಮದತ್ತನೆಂಬ ಮಾಯಾವಿ ಬಂದ. ಅವನ ಪ್ರಾಣವಿದ್ದದ್ದು ಹೊಟ್ಟೆಯೊಳಗಿನ ಒಂದು ಕೆಂಡದಲ್ಲಿ. ಡೊಂಕ ಅವನನ್ನು ಮೂಸಿತು. ಏನೂ ತಿಳಿಯಲಿಲ್ಲ.

"ಆಕ್ಷೀ!" ಎಂದಿತು.

"ಶಿವಶಿವಾ! ರಾಜದ್ವಾರದಲ್ಲಿ ಒಂಟಿ ಸೀನು!" ಎಂದು ಧೂಮದತ್ತ ಎದೆ ಹಿಡಿದುಕೊಂಡ. ನೇರ ಅರಮನೆಗೆ ಹೋಗಿ ರಾಜ ಕೇತಭೂಪನ ಕಿವಿ ಕಚ್ಚಿದ. ಸಂಜೆಯೊಳಗೆ ಡಂಗುರವಾಯಿತು: ಒಂಟಿ ಸೀನು ಕೇಳಿದವರು ಇದ್ದಲ್ಲೇ ಕೂರಬೇಕು, ಆ ಮೂಗೇ ಜೋಡಿ ಸೀನು ಸೀನುವ ತನಕ ಏಳಕೂಡದು. ಅಪಶಕುನ ಕಳೆಯಲು ಹೆಬ್ಬಾಗಿಲಲ್ಲಿ ಹಗಲೆಲ್ಲ ಧೂಪ ಹಾಕಬೇಕು.

ಹೊಗೆಗೆ ಡೊಂಕ ಇನ್ನಷ್ಟು ಸೀನಿತು. ಸೀನಿದಷ್ಟೂ ಧೂಪ ಹೆಚ್ಚಿಸಿದರು. ಒಂದು ಸೀನಿಗೆ ಊರು ಕೂತಿತು, ಇನ್ನೊಂದಕ್ಕೆ ಎದ್ದಿತು, ಮತ್ತೊಂದಕ್ಕೆ ಕೂತಿತು.

"ಎದ್ದೆಯೇನೇ, ಸಾಕವ್ವ?" ಎಂದು ನೆರೆಮನೆಯಾಕೆ ಕೂತಲ್ಲಿಂದಲೇ ಕೂಗಿದಳು.

"ಅರ್ಧ ಎದ್ದಿದ್ದೆ ಕಣೇ, ಮತ್ತೆ ಸೀನ್ತು. ನನ್ನ ಮೊಣಕಾಲು ನನ್ನ ಮಾತೇ ಕೇಳ್ತಿಲ್ಲ."

ಮದುವೆಮನೆಯೊಂದರಲ್ಲಿ ತಾಳಿಯ ಎರಡು ಗಂಟು ಬಿದ್ದಿತ್ತು, ಮೂರನೆಯದಕ್ಕೆ ವರ ಕೂತೇ ಇದ್ದ. ಹುಡುಗಿ ಅವನ ಹೆಗಲಿಗೊರಗಿ ಗೊರಕೆ ಹೊಡೆಯುತ್ತಿದ್ದಳು. ಜನ ಹೀಗೆ ಕೂತು ಕಳೆದ ಹೊತ್ತೆಲ್ಲ ಧೂಮದತ್ತನ ಕೊರಳಿನ ಸೋರೆಬುರುಡೆಗೆ ಹರಿದು ಹೋಗುತ್ತಿತ್ತು. ಅವನು ದಿನದಿಂದ ದಿನಕ್ಕೆ ಎಳೆಯನಾದ, ಊರು ಮುದಿಯಾಯಿತು.

ಕೊನೆಗೆ ರಾಜ ಬೈಚಪ್ಪನನ್ನು ಕರೆಸಿದ. "ನನಗೆ ಸಾಕಾಗಿದೆಯಪ್ಪ. ಹುಣ್ಣಿಮೆಯೊಳಗೆ ಈ ಸೀನು ನಿಲ್ಲಬೇಕು. ಇಲ್ಲದಿದ್ದರೆ ನಾಯಿಯನ್ನು ಹುಲಿಗವಿಗೆ ಬಿಟ್ಟುಬಿಡು."

"ಬುದ್ಧೀ, ಅದಕ್ಕೆ ಹುಷಾರಿಲ್ಲ..."

"ನನಗೆ ಹುಷಾರಿದೆಯೇನು?" ಎಂದು ರಾಜ ಆಕಳಿಸಿದ.

ಬೈಚಪ್ಪ ಡೊಂಕನನ್ನು ಹೆಗಲಿಗೆ ಹಾಕಿಕೊಂಡು ಕಾಡಿಗೆ ನಡೆದ. ಅಲ್ಲಿ ಮೃಗಗಳ ವೈದ್ಯೆ ಕರಡಜ್ಜಿಯ ಗುಹೆ, ಗುಹೆಗೆ ಮೂರು ಕಲ್ಲುಬಾಗಿಲು.

ಮೊದಲ ಬಾಗಿಲು, "ಭಾರ ಇಳಿಸು," ಎಂದಿತು.

ಬೈಚಪ್ಪ ಬುತ್ತಿಯ ಗಂಟು ಇಳಿಸಿದ. ತೆರೆಯಲಿಲ್ಲ. ಮುಂಡಾಸು ಇಳಿಸಿದ. ತೆರೆಯಲಿಲ್ಲ.

"ನಿನ್ನ ಭಾರ ಯಾರಿಗೆ ಬೇಕೋ ಪೆದ್ದೇ!" ಎಂದಿತು ಬಾಗಿಲು.

ಆಗ ಡೊಂಕ ಕೆಮ್ಮಿತು. ಊರವರೆಲ್ಲ ದೃಷ್ಟಿಗೆಂದು ಕಟ್ಟಿದ್ದ ತಾಯತಗಳ ಗೊಂಚಲು ಕೊರಳಪಟ್ಟಿಯನ್ನು ಜಗ್ಗಿ ಗಂಟಲು ಒತ್ತುತ್ತಿತ್ತು. ಬೈಚಪ್ಪ ಪಟ್ಟಿ ಬಿಚ್ಚಿದ. ಕೆಮ್ಮು ತಗ್ಗಿತು, ಬಾಗಿಲು ತೆರೆಯಿತು.

ಎರಡನೆಯ ಬಾಗಿಲು, "ಹೊಗೆ ಬಿಡು," ಎಂದಿತು.

ದಾರಿಗೆಂದು ಧೂಮದತ್ತ ಕೊಟ್ಟಿದ್ದ ಧೂಪಾರತಿ ಬೈಚಪ್ಪನ ಕೈಯಲ್ಲೇ ಇತ್ತು. "ಇದು ಆರಿದರೆ ನಾಯಿ ಸತ್ತೀತು" ಎಂದು ಹೆದರಿಸಿದ್ದ. ಬೈಚಪ್ಪ ಒಮ್ಮೆ ಕೆಂಡ ನೋಡಿದ. ಡೊಂಕನ ಕೆಂಪು ಕಣ್ಣು ನೋಡಿದ. ಕೆಂಡವನ್ನು ಪಕ್ಕದಲ್ಲಿ ಹರಿಯುತ್ತಿದ್ದ ತೊರೆಗೆ ಎಸೆದ. ನಾಯಿ ಸಾಯಲಿಲ್ಲ, ಉದ್ದಕ್ಕೆ ಉಸಿರೆಳೆದುಕೊಂಡಿತು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲು, "ಕೂತುಕೋ," ಎಂದಿತು.

ಬೈಚಪ್ಪನಿಗೆ ಅಳುವೇ ಬಂತು. "ಊರಲ್ಲಿ ಕೂತೂ ಕೂತೂ ಸತ್ತಿದ್ದೀನಿ. ಇಲ್ಲೂ ಕೂರಬೇಕಾ?"

"ಅಲ್ಲಿ ಹೆದರಿ ಕೂತೆ ಮಗಾ, ಇಲ್ಲಿ ಜೊತೆಗೆ ಕೂತುಕೋ," ಎಂದು ಒಳಗಿನಿಂದ ಕರಡಜ್ಜಿಯ ದನಿ ಬಂತು.

ಬೈಚಪ್ಪ ಡೊಂಕನಿಗೆ ಒತ್ತಿಕೊಂಡು ಕೂತ. ಬಾಗಿಲು ತಾನಾಗಿ ಸರಿಯಿತು. ಒಳಗೆ ಬಿಸಿನೀರಿನ ಬುಗ್ಗೆ, ಬೆಚ್ಚಗಿನ ಹಬೆ, ಒಣಹುಲ್ಲಿನ ಹಾಸಿಗೆ. ಅಜ್ಜಿ ಡೊಂಕನ ಎದೆಗೆ ಕಿವಿಯಿಟ್ಟು ಕೇಳಿದಳು, ಒಸಡು ನೋಡಿದಳು.

"ಏನು ಕುಡಿಸಿದೆ?"

"ಸಾಕವ್ವ ಮೆಣಸು, ಈರುಳ್ಳಿ ಹಾಕಿ ಕಷಾಯ ಮಾಡಿಕೊಟ್ಟಿದ್ದಳು, ಅಜ್ಜಿ. ಇವನು ಮೂಸಿಯೂ ನೋಡಲಿಲ್ಲ."

"ಪುಣ್ಯ! ಈರುಳ್ಳಿ ನಾಯಿಗೆ ವಿಷ ಕಣೋ. ಮನುಷ್ಯರ ಮದ್ದು ಮನುಷ್ಯರಿಗೇ ಇರಲಿ. ಒದ್ದೆ ಅರಿವೆಯಿಂದ ಮೂಗು, ಕಣ್ಣು ಒರೆಸು. ಮೂಗು ಕಟ್ಟಿದವನಿಗೆ ಅನ್ನದ ಪರಿಮಳ ತಿಳಿಯೋಲ್ಲ, ಮಾಂಸದ ಸಾರು ಬೆಚ್ಚಗೆ ಮಾಡಿ ಗಂಜಿಗೆ ಬೆರೆಸು. ನೀರು ಹತ್ತಿರವೇ ಇಡು. ಬೇರೆ ನಾಯಿಗಳನ್ನು ಸೇರಿಸಬೇಡ, ಓಡಿಸಬೇಡ, ಮಲಗಲಿ. ಅನ್ನ ನೀರು ಬಿಟ್ಟ, ಹೊಟ್ಟೆಯಿಂದ ಎಳೆದೆಳೆದು ಉಸಿರಾಡಿದ, ಮೂಗಿನಿಂದ ಹಳದಿ ಹಸಿರು ಸುರೀತು ಅಂದರೆ ಮಾತ್ರ ಕಾಯಬೇಡ, ತಟ್ಟನೆ ನನ್ನನ್ನು ಎಬ್ಬಿಸು."

"ನೀವು ಎಲ್ಲಿ ಹೋಗ್ತೀರಿ?"

"ಮಲಗೋಕೆ. ನನಗೂ ದಣಿವಾಗೋಲ್ವೇನೋ?"

ಬೈಚಪ್ಪ ಕೂತ. ಒರೆಸಿದ, ಉಣಿಸಿದ, ಕಾದ. ಮಾಡುವುದಕ್ಕೆ ಬೇರೇನೂ ಇರಲಿಲ್ಲ, ಅದೇ ಅವನಿಗೆ ಕಷ್ಟವಾದದ್ದು. ಡೊಂಕ ಮೊದಲು ಸಾರು ನೆಕ್ಕಿತು, ಆಮೇಲೆ ಗಂಜಿ ಮುಗಿಸಿತು, ಆಮೇಲೆ ಬೈಚಪ್ಪನ ಬುತ್ತಿಯನ್ನೇ ಮೂಸಿ ಎಳೆಯಿತು. "ಮೂಗು ಬಂತು!" ಎಂದು ಅವನು ಕೂಗಿದ್ದಕ್ಕೆ ಅಜ್ಜಿ ಎದ್ದು ಬೈದಳು. ಬೈದು, ಎದೆಯನ್ನು ಇನ್ನೊಮ್ಮೆ ಕೇಳಿ, "ಇನ್ನು ಹೊರಡು," ಎಂದಳು.

ಹುಣ್ಣಿಮೆಯ ಹಗಲು ಅವರು ಹೆಬ್ಬಾಗಿಲಿಗೆ ಬಂದರು. ರಾಜನೂ ಪ್ರಜೆಗಳೂ ನೆರೆದಿದ್ದರು. ನಡುವೆ ಇಪ್ಪತ್ತರ ತರುಣನಂತೆ ಧೂಮದತ್ತ. ಡೊಂಕ ಒಮ್ಮೆ ಮೂಸಿತು, ಮೈಕೂದಲು ನಿಮಿರಿಸಿ ಗುರ್ರೆಂದಿತು.

"ಮಾಯಾವಿ ಬುದ್ಧೀ! ಇವನೇ ಮಾಯಾವಿ!" ಎಂದ ಬೈಚಪ್ಪ.

ಧೂಮದತ್ತ ಬೊಗಸೆ ಸಾಂಬ್ರಾಣಿಯನ್ನು ಕೆಂಡಕ್ಕೆ ಸುರಿದ. ಹೊಗೆ ಎದ್ದಿತು. ಬೈಚಪ್ಪ ಡೊಂಕನ ಮುಖವನ್ನು ಕಂಬಳಿಯೊಳಗೆ ಮುಚ್ಚಿ, "ಹೆದರಬೇಡ ಮರಿ," ಎಂದ. ಆ ದನಿ ಕೇಳಿ ಡೊಂಕ ಬಾಲ ಅಲ್ಲಾಡಿಸಿತು. ನೆಟ್ಟಗಿನ ಬಾಲವಾಗಿದ್ದರೆ ಹೊಗೆ ಪಕ್ಕಕ್ಕೆ ಹೋಗುತ್ತಿತ್ತೇನೋ. ಡೊಂಕು ಬಾಲ ನೋಡಿ, ಅದು ಹೊಗೆಯನ್ನು ಸುತ್ತಿ ಸುಳಿಮಾಡಿ ಧೂಮದತ್ತನ ಮೂಗಿಗೇ ತಿರುಗಿಸಿತು.

"ಆಕ್ಷೀ!"

ಊರೆಲ್ಲ ದೊಪ್ಪನೆ ಕೂತಿತು. ಕಟ್ಟಳೆ ಕಟ್ಟಿದವನೂ ಕೂತ. ಎರಡನೆಯ ಸೀನಿಗೆ ಕಾದರು. ಅವನು ಮೂಗು ಮೇಲೆತ್ತಿದ, ಉಜ್ಜಿದ, ಹುಲ್ಲುಕಡ್ಡಿ ತೂರಿಸಿದ. ಬರಲಿಲ್ಲ.

ಅಷ್ಟರಲ್ಲಿ ಬಾಯಾರಿದ ಡೊಂಕ ಕೊಡದ ಬಳಿ ಹೋಗಿ ಲೊಚಲೊಚ ನೀರು ಕುಡಿದು, ಆರಾಮಾಗಿ ಎದ್ದು ನಡೆಯಿತು. ಸಾಕವ್ವ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಮರೆವೇ! ಒಂಟಿ ಸೀನಾದರೆ ಗಳಿಗೆ ಹೊತ್ತು ಕೂತು, ಗುಟುಕು ನೀರು ಕುಡಿದು ಹೊರಡೋದಲ್ವೇ ನಮ್ಮ ಹಿರೀಕರ ಪದ್ಧತಿ? ಜೋಡಿ ಸೀನಿಗೆ ಕಾಯಿರಿ ಅಂತ ಯಾವ ಅಜ್ಜಿ ಹೇಳಿದ್ದಳು?"

ಚೊಂಬು ಕೈಯಿಂದ ಕೈಗೆ ಹೋಯಿತು. ಗುಟುಕು ಕುಡಿದವರು ಎದ್ದರು. ರಾಜನೂ ಮೊಣಕಾಲು ಹಿಡಿದುಕೊಂಡು ಎದ್ದ. ಕೊನೆಗೆ ಚೊಂಬನ್ನು ಧೂಮದತ್ತನಿಗೂ ನೀಡಿದ.

"ತಗೊಳ್ಳಿ ಸ್ವಾಮಿ, ಒಂದು ಗುಟುಕು."

ಕೆಂಡದಲ್ಲಿ ಪ್ರಾಣವಿಟ್ಟವನು ನೀರು ಕುಡಿಯುವುದು ಹೇಗೆ? ಕುಡಿದರೆ ಆರಿಹೋಗುತ್ತಾನೆ, ಕುಡಿಯದಿದ್ದರೆ ಏಳಲಾರ. ಕೂತೇ ಇದ್ದ. ಅವನು ಕೂತ ಹೊತ್ತೂ ಕೊರಳಿನ ಬುರುಡೆಗೇ ಹರಿದು, ಹಿಡಿಸಲಾರದೆ ಬುರುಡೆ ಬಿರಿಯಿತು. ಕದ್ದ ಹೊತ್ತೆಲ್ಲ ಜೇನಿನಂತೆ ಹರಿದು ಅವರವರ ಮನೆ ಸೇರಿತು. ಧೂಮದತ್ತ ಮೂಗು ಮೇಲೆತ್ತಿಕೊಂಡೇ ಮುದುಕನಾಗಿ, ಬೂದಿಯ ಬಣ್ಣದ ಕಲ್ಲಾದ.

ಊರು ಸಂಭ್ರಮಪಡಲಿಲ್ಲ. ಮೊದಲು ನಿದ್ದೆ ಮಾಡಿತು, ಕಣ್ಣು ತುಂಬ. ಎದ್ದ ಮೇಲೆ ವರ ಮೂರನೆಯ ಗಂಟು ಹಾಕಿದ, ಗುಬ್ಬಿ ಹಾರಿಹೋದ ಮೇಲೆ ಸಿಂಹ ಬಾಯಿ ಮುಚ್ಚಿತು. ಹೆಬ್ಬಾಗಿಲ ಧೂಪದ ಜಾಗದಲ್ಲಿ ರಾಜ ಡೊಂಕನಿಗೊಂದು ಬೆಚ್ಚನೆಯ ಗೂಡು ಕಟ್ಟಿಸಿದ, ಅದರದ್ದೇ ಒಂದು ಬಾನಿ ಇಡಿಸಿದ. ಅಂದಿನಿಂದ ಡೊಂಕ ಸೀನಿದರೆ ಯಾರೂ ಕೂರುವುದಿಲ್ಲ. "ನೂರು ವರ್ಷ ಬಾಳಪ್ಪ ಡೊಂಕ" ಎಂದು ಹರಸಿ, ಹಾಗೇ ಮೂಗು ಒರೆಸಿ ಹೋಗುತ್ತಾರೆ.

ಆ ಕಲ್ಲು ಈಗಲೂ ಅಲ್ಲೇ ಇದೆ, ಎರಡನೆಯ ಸೀನಿಗೆ ಕಾಯುತ್ತ. ಬೆಳಗಾದರೆ ಡೊಂಕ ಅದರ ಬಳಿ ಹೋಗಿ, ಎಲ್ಲ ನಾಯಿಗಳೂ ಕಲ್ಲಿಗೆ ಮಾಡುವ ಮರ್ಯಾದೆಯನ್ನು ತಪ್ಪದೆ ಮಾಡಿ ಬರುತ್ತದೆ.