ಗುರುಬಲ ಬಂದ ಹುಡುಗಿ

ತಾನು ಪ್ರೀತಿಸುವ ಹುಡುಗಿಯ ಬಯೋಡೇಟಾವನ್ನು ಬೇರೊಬ್ಬ ಗಂಡಿಗಾಗಿ ಟೈಪ್ ಮಾಡುವ ಕರ್ಮ ಶತ್ರುವಿಗೂ ಬೇಡ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅದು ಒದಗಿದ್ದು ರಾಜಾಜಿನಗರದ ಟೈಪಿಂಗ್ ಮೇಷ್ಟ್ರು ಗೋಪೀನಾಥನಿಗೆ.

ಎದುರಿಗೆ ರೇವಣಸಿದ್ದಯ್ಯನವರು ಕೂತಿದ್ದರು. ಪಕ್ಕದಲ್ಲಿ ಮಗಳು ಗಿರಿಜಾ, ಆರು ತಿಂಗಳಿಂದ ಅವನ ಬಳಿ ಟೈಪಿಂಗ್ ಕಲಿಯುತ್ತಿದ್ದವಳು. ತಪ್ಪು ಹೊಡೆದಾಗಲೆಲ್ಲ ನಾಲಿಗೆ ಕಚ್ಚಿಕೊಂಡು ನಗುತ್ತಿದ್ದಳು. ಆ ನಗು ನೋಡಲೆಂದೇ ಇವನು ಇಲ್ಲದ ತಪ್ಪು ಹುಡುಕುತ್ತಿದ್ದ.

"ಸದಾ ನಗುಮುಖದ ಹುಡುಗಿ ಅಂತ ಹಾಕಿ ಮೇಷ್ಟ್ರೇ. ಗಂಡು ಇಂಜಿನಿಯರು. ಪದ ಜೋರಾಗಿರಲಿ."

ಗೋಪೀನಾಥ ಡಿಕ್ಷನರಿ ತೆರೆದ. "ಜೋವಿಯಲ್ ಅಂತಿದೆ ಸಾರ್. ಜೋವ್ ಅಂದ್ರೆ ರೋಮನ್ನರ ದೊಡ್ಡ ದೇವರು. ಗುರುಗ್ರಹ ಅವನದೇ. ಆ ಗ್ರಹದ ನೆರಳಲ್ಲಿ ಹುಟ್ಟಿದೋರು ಖುಷಿಯಾಗಿರ್ತಾರೆ ಅಂತ ನಂಬ್ತಿದ್ರಂತೆ. ಪದ ಅಲ್ಲಿಂದ ಬಂತು."

"ನೋಡಮ್ಮಾ! ಗುರುಬಲ ಬಂದಿದೆ ಅಂತ ಜೋಯಿಸರೂ ಅಂದ್ರಲ್ಲ! ಅದನ್ನೇ ಹೊಡೀರಿ," ಎನ್ನುತ್ತ ರೇವಣಸಿದ್ದಯ್ಯನವರು ಎದುರಿನ ಸ್ಟುಡಿಯೋದಿಂದ ಮಗಳ ಫೋಟೋ ತರಲು ಇಳಿದುಹೋದರು.

ಗಿರಿಜಾ ಮೇಜಿನ ಮೇಲೆ ಬಾಗಿದಳು. "ಶನಿಯಿಂದ ಬಂದ ಪದ ಇಲ್ವಾ ಮೇಷ್ಟ್ರೇ?"

"ಇದೆ. ಸ್ಯಾಟರ್ನೈನ್. ಯಾವಾಗ್ಲೂ ಮುಖ ಗಂಟು ಹಾಕ್ಕೊಂಡಿರೋರು."

"ಅದನ್ನೇ ಹೊಡೀರಿ. ಅಪ್ಪಂಗೆ ಇಂಗ್ಲಿಷ್ ಬರಲ್ಲ. ಆ ಗಂಡು ಹೆದರಿ ಓಡ್ಲಿ."

ತುಟಿಯಲ್ಲಿ ತಮಾಷೆ ಇತ್ತು, ಕಣ್ಣಲ್ಲಿ ಇರಲಿಲ್ಲ. ಒಂದು ಪದ, ಅಷ್ಟೇ. ಗೋಪೀನಾಥನ ಬೆರಳು ಎಸ್ ಮೇಲೆ ನಿಂತಿತು, ಒತ್ತಲಿಲ್ಲ. ಕೊನೆಗೆ ಜೆ ಹೊಡೆಯಿತು.

"ಹೇಡಿ ಕಣ್ರೀ ನೀವು!"

"ನಿಮ್ಮನ್ನ ಸಿಡುಕಿ ಅಂತ ಬರೆಯೋಕೆ ನನ್ನ ಕೈಲಾಗಲ್ಲ ಗಿರಿಜಾ."

"ಹಾಗಾದ್ರೆ ಬಾಯಲ್ಲಾದ್ರೂ ಕೇಳಿ. ಅಪ್ಪನ್ನ."

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಫೋಟೋ ಹಿಡಿದು ಒಳಗೆ ಬಂದ ಹಿರಿಯರ ಮುಂದೆ ಗೋಪೀನಾಥ ಎದ್ದು ನಿಂತ.

"ಸಾರ್, ಈ ಹಾಳೆ ಯಾರಿಗೂ ಕಳಿಸಬೇಡಿ. ಇವರನ್ನ ನನಗೆ ಕೊಡಿ."

ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದ. ಬೈದಿದ್ದರೆ ಎದುರುತ್ತರ ಕೊಡುತ್ತಿದ್ದ. ರೇವಣಸಿದ್ದಯ್ಯನವರು ಮಗಳ ಮುಖ ನೋಡಿದರು, ಬೆಂಚಿನ ಮೇಲೆ ಕುಸಿದರು.

"ನೀವು ನಮ್ಮ ಜಾತಿಯೋರಾಗಿದ್ರೆ ಈ ಹಾಳೆ ಯಾಕೆ ಬೇಕಿತ್ತು ಮೇಷ್ಟ್ರೇ? ನಾನೇ ನಿಮ್ಮ ಮನೆ ಬಾಗಿಲಿಗೆ ಬರ್ತಿದ್ದೆ. ಇವಳ ಬೆನ್ನಿಗೆ ಇನ್ನಿಬ್ರು ಹೆಣ್ಮಕ್ಕಳಿದಾರಪ್ಪಾ. ಅವರನ್ನ ಯಾರು ಮಾಡ್ಕೋತಾರೆ?"

ಕಣ್ಣಲ್ಲಿ ನೀರು ತುಂಬಿಕೊಂಡ ಮನುಷ್ಯನೊಡನೆ ಯಾರು ಜಗಳವಾಡುತ್ತಾರೆ?

ಗಿರಿಜಾಳೇ ಯಂತ್ರದಿಂದ ಹಾಳೆ ಎಳೆದು ಮಡಚಿ ಅಪ್ಪನ ಕೈಗಿಟ್ಟಳು. ತೋಳು ಹಿಡಿದು ಅವರನ್ನು ಎಬ್ಬಿಸಿದಳು. ಬಾಗಿಲಲ್ಲಿ ತಿರುಗಿ ಗೋಪೀನಾಥನನ್ನು ನೋಡಿದಳು.

"ಹೇಡಿ ಅಂದಿದ್ದು ವಾಪಸ್ ತಗೊಂಡೆ," ಎಂದಳು. ಆಮೇಲೆ ಅಪ್ಪನ ಹಿಂದೆ ಮೆಟ್ಟಿಲಿಳಿದಳು.