ಎನಿಕೋಳ ಅವಿಭಾಜ್ಯ ಸಂಖ್ಯೆ

ಎನಿಕೋಳ ಸಂಖ್ಯೆ ಏಳರಿಂದ ಸಲೀಸಾಗಿ ಭಾಗವಾಯಿತು. ಬೆಳಿಗ್ಗೆ ಅದನ್ನು ಕಂಡ ವಿಭಾಗದ ಮುಖ್ಯಸ್ಥ ಜಿಗ್ಮೊಂದ್ ಕಾಫಿ ಕುಡಿಯುವುದನ್ನೇ ಮರೆತರು.

ಸೆಗೆದ್ ಊರಿನ ಆ ಗಣಿತ ವಿಭಾಗಕ್ಕೆ ಆಗಿನ್ನೂ ಕಂಪ್ಯೂಟರ್ ಬಂದಿರಲಿಲ್ಲ. ಅಲ್ಲೊಂದು ಪದ್ಧತಿಯಿತ್ತು. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕವರು ಅದನ್ನು ಮೊಗಸಾಲೆಯ ಕರಿಹಲಗೆಯ ಮೇಲೆ ಬರೆಯಬೇಕು. ಬರೆದದ್ದೇ ಮಾತು, ತಿದ್ದುವಂತಿಲ್ಲ. ಸೋಮವಾರ ಎನಿಕೋ ಬರೆದಿದ್ದಳು. ಇವತ್ತು ಅಧ್ಯಾಪಕ ಹುದ್ದೆಯ ಸಂದರ್ಶನ. ಹುದ್ದೆ ಒಂದೇ, ಅಭ್ಯರ್ಥಿಗಳು ಅವಳು ಮತ್ತು ಗೆಲ್ಲೇರ್ತ್. ಹಲಗೆಯ ಮೇಲೆ ಸುಳ್ಳು ಬರೆದವಳಿಗೆ ಕೆಲಸ ಕೊಡುವವರು ಯಾರು?

*

ಜಿಗ್ಮೊಂದ್ ತಂಗಿಯನ್ನು ಕರೆಸಿದರು. ಒತೀಲಿಯಾ ನಿವೃತ್ತ ಪೊಲೀಸ್ ಅಧಿಕಾರಿ.

"ಸೀಮೆಸುಣ್ಣಕ್ಕೂ ಪೊಲೀಸಾ ಅಣ್ಣಾ?"

"ತಮಾಷೆ ಬೇಡ ಕಣೇ. ಆ ಹುಡುಗಿ ವರ್ಷಗಟ್ಲೆ ಕೂತು ಮಾಡಿದ ಲೆಕ್ಕ ಅದು."

ಎನಿಕೋಳ ಮುಖ ಬಿಳಿಚಿತ್ತು. "ನಾನೇ ತಪ್ಪು ಬರೆದಿರ್ಬೇಕು. ಈಗ ನನ್ನ ಕಾಗದ ತೋರಿಸಿದ್ರೆ, ಆಮೇಲೆ ತಿದ್ಕೊಂಡಿದಾಳೆ ಅಂತಾರೆ."

"ಬರೆಯೋವಾಗ ಜೊತೇಲಿ ಯಾರಿದ್ರು?"

"ಅಮ್ಮ. ಹಲಗೆ ಮುಂದೆ ಫೋಟೋ ತೆಗೆಸಿದ್ಲು. ಅದಿನ್ನೂ ಸ್ಟುಡಿಯೋದಲ್ಲೇ ಇದೆ."

"ಆ ವಿಷಯ ಯಾರ ಹತ್ರಾನೂ ಎತ್ತಬೇಡ."

ಕಸ ಗುಡಿಸುವ ಗಿಜೆಲ್ಲಾಳ ಕೈ ಬೆಳ್ಳಗಿತ್ತು. ಒತೀಲಿಯಾ ಮೂಸಿ ನೋಡಿದರು. ಹಿಟ್ಟು.

"ಮಗಳ ಮದುವೆಗೆ ರೊಟ್ಟಿಗೆ ಹಿಟ್ಟು ನಾದಿ ಬಂದೆ ಕಣಮ್ಮ. ಆ ಹಲಗೆ ಮುಟ್ಟಿದ್ರೆ ಇವ್ರು ನನ್ನ ಸುಮ್ನೆ ಬಿಡ್ತಾರಾ?"

ಗೆಲ್ಲೇರ್ತ್ ನಗುನಗುತ್ತಲೇ ಮಾತಾಡಿದ. "ಪಾಪ ಎನಿಕೋ. ನಾನು ಊರಲ್ಲಿರ್ಲಿಲ್ಲ ಮೇಡಂ. ಆ ಸಂಖ್ಯೆ ನೋಡಿದ್ದೇ ಇವತ್ತು, ಎಲ್ಲರ ಜೊತೆ."

ಒತೀಲಿಯಾ ನೇರ ಸ್ಟುಡಿಯೋಗೆ ಹೋದರು.

*

ಸಂದರ್ಶನದ ಕೋಣೆಯಲ್ಲಿ ಎಲ್ಲರೂ ಕೂತಿದ್ದರು. ಒತೀಲಿಯಾ ಒಳಗೆ ಬಂದು ಬೇಕೆಂದೇ ಒಂದು ಸುಳ್ಳು ಹೇಳಿದರು.

"ಹಲಗೆ ಮೇಲೆ ಯಾರೋ ಒಂದು ಅಂಕಿ ಬದಲಾಯಿಸಿದಾರೆ."

"ಸಾಧ್ಯವೇ ಇಲ್ಲ!" ಎಂದ ಗೆಲ್ಲೇರ್ತ್. "ಒಂದು ಅಂಕಿ ಬದಲಾದ್ರೆ ಅಂಕಿಗಳ ಮೊತ್ತವೂ ಬದಲಾಗ್ಬೇಕು. ಮೊತ್ತ ಮೊದಲಿದ್ದಷ್ಟೇ ಇದೆಯಲ್ಲ!"

"ಮೊದಲು ಎಷ್ಟಿತ್ತು ಅಂತ ನಿನಗೆ ಹೇಗಪ್ಪಾ ಗೊತ್ತು? ನೀನು ನೋಡಿದ್ದೇ ಇವತ್ತು ಅಂದ್ಯಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗೆಲ್ಲೇರ್ತ್‌ನ ನಗು ಅಲ್ಲೇ ನಿಂತಿತು.

ಒತೀಲಿಯಾ ಫೋಟೋವನ್ನು ಮೇಜಿನ ಮೇಲಿಟ್ಟರು. "ಬದಲಾಗಿದ್ದು ಎರಡು ಅಂಕಿ. ಒಂದು ಕಡೆ ಮೂರು ಎಂಟಾಗಿದೆ. ಇನ್ನೊಂದು ಕಡೆ ಎಂಟನ್ನ ಒರೆಸಿ ಮೂರು ಮಾಡಿದಾರೆ. ಇಲ್ಲಿನವರು ಯಾವ ಸಂಖ್ಯೆ ಕಂಡ್ರೂ ಮೊದಲು ಅದರ ಅಂಕಿಗಳನ್ನ ಕೂಡಿಸ್ತಾರೆ. ನಮ್ಮಣ್ಣ ಬಸ್ಸಿನ ನಂಬರನ್ನೂ ಬಿಡಲ್ಲ. ಮೊತ್ತ ಬೇರೆಯಾದ್ರೆ ಯಾರಾದ್ರೂ ಹಿಡಿದುಬಿಡ್ತಾರೆ ಅಂತ ಇವನು ಸರಿದೂಗಿಸಿದ. ಬರೀ ಕಿಡಿಗೇಡಿಯಾಗಿದ್ರೆ ಸುಮ್ನೆ ಒಂದು ಅಂಕಿ ಒರೆಸಿ ಹೋಗ್ತಿದ್ದ. ಆಗ ನನ್ನ ಕೈಗೆ ಸಿಗ್ತಿರ್ಲಿಲ್ಲ."

ಗೆಲ್ಲೇರ್ತ್ ತಲೆ ತಗ್ಗಿಸಿದ. "ಕೆಲಸಕ್ಕೋಸ್ಕರ ಮಾಡ್ದೆ. ಕ್ಷಮಿಸು ಎನಿಕೋ."

ಎನಿಕೋಳಿಗೆ ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂತು.

"ಕೆಲಸ ಕಿತ್ಕೊಂಡಿದ್ರೆ ಕ್ಷಮಿಸ್ತಿದ್ದೆ ಕಣೋ. ಬೆಳಿಗ್ಗೆಯಿಂದ ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಇರ್ಲಿಲ್ಲ. ಅದಕ್ಕೆ ಏನ್ ಹೇಳ್ತೀಯ?"

ಅವನು ಎದ್ದು ಹೊರಗೆ ಹೋದ. ಜಿಗ್ಮೊಂದ್ ಕನ್ನಡಕ ಸರಿಮಾಡಿಕೊಂಡು ಎನಿಕೋಳಿಗೆ ಮೊದಲ ಪ್ರಶ್ನೆ ಕೇಳಿದರು.